ನಾನೂರು ತಿರುವಿನಾಚೆಯ ಸಿಲಾವೋಸ್

ಯೂರೋ ನೋಟನ್ನು ತಿರುವಿ ನೋಡಿದರೆ ಯುರೋಪಿನ ನಕ್ಷೆ ಕಾಣುತ್ತದೆ. ಆ ನಕ್ಷೆಯ ಕೆಳಗೆ, ಕಣ್ಣು ಕಿರಿದು ಮಾಡಿ ಹುಡುಕಿದರಷ್ಟೇ ಸಿಗುವ ಪುಟ್ಟ ಚೌಕಗಳಲ್ಲಿ ಕೆಲವು ಚುಕ್ಕೆಗಳಿವೆ. ಅವುಗಳಲ್ಲೊಂದು ರಿಯೂನಿಯನ್ ದ್ವೀಪ. ಪ್ಯಾರಿಸ್‌ನಿಂದ ಒಂಬತ್ತು ಸಾವಿರ ಕಿಲೋಮೀಟರಿಗೂ ದೂರ, ಮಡಗಾಸ್ಕರಿನ ಪೂರ್ವಕ್ಕೆ, ಮಾರಿಷಸ್‌ನ ನೆರೆಯಲ್ಲಿ, ನಮ್ಮದೇ ಹಿಂದೂ ಮಹಾಸಾಗರದಲ್ಲಿದ್ದರೂ ಇದು ಫ್ರಾನ್ಸಿನ ಒಂದು ಜಿಲ್ಲೆ. 1946ರಿಂದ ಹಾಗೆಯೇ ಇದೆ. 2002ರ ಜನವರಿ 1ರಂದು ಯೂರೋ ಚಲಾವಣೆಗೆ ಬಂದಾಗ ಪ್ಯಾರಿಸ್‌ನವರಿಗಿಂತ ಮೊದಲು ಅದನ್ನು ಕೈಯಲ್ಲಿ ಹಿಡಿದವರು ಇಲ್ಲಿಯವರು. ಗಡಿಯಾರದಲ್ಲಿ ಮುಂದಿದ್ದ ಈ ದ್ವೀಪದ ರಾಜಧಾನಿ ಸ್ಯಾಂ-ದೆನಿಯ ಮಾರುಕಟ್ಟೆಯಲ್ಲಿ ಮೇಯರ್ ಹೊಸ ದುಡ್ಡು ಕೊಟ್ಟು ಕೊಂಡದ್ದು ಲಿಚಿ ಹಣ್ಣು.

ವಿಸ್ತೀರ್ಣ 2,500 ಚದರ ಕಿಲೋಮೀಟರ್, ಅಂದರೆ ಕೊಡಗಿನ ಮೂರರಲ್ಲಿ ಎರಡು ಪಾಲಿಗೂ ಕಡಿಮೆ. ಆದರೆ ಎತ್ತರದಲ್ಲಿ ಕೊಡಗು, ಚಿಕ್ಕಮಗಳೂರು ಎರಡನ್ನೂ ಮೀರಿಸುತ್ತದೆ. ಮುಳ್ಳಯ್ಯನಗಿರಿ 1,930 ಮೀಟರ್ ಇದ್ದರೆ ಇಲ್ಲಿನ ಪಿತೋಂ ದೆ ನೇಜ್ ಶಿಖರ 3,070 ಮೀಟರ್ ಏರಿ ನಿಂತಿದೆ. ಕಡಲಿನಿಂದಲೇ ಎದ್ದ ಈ ಹಳೆಯ ಜ್ವಾಲಾಮುಖಿ ತಣ್ಣಗಾಗಿ, ಕುಸಿದು, ಮಳೆಗೆ ಕೊಚ್ಚಿ ಮೂರು ದೊಡ್ಡ ಬೋಗುಣಿಗಳಂಥ ಕೊಳ್ಳಗಳಾದವು. ಸಲಾಜಿ, ಮಾಫಾತ್, ಸಿಲಾವೋಸ್ ಎಂದು ಅವುಗಳ ಹೆಸರು. ಸುತ್ತಲೂ ಕಡಿದಾದ ಬಂಡೆಗೋಡೆ. ನಡುವೆ, ನೀರು ಕೊರೆಯದೆ ಬಿಟ್ಟ ಚಪ್ಪಟೆ ನೆಲದ ತುಂಡುಗಳ ಮೇಲೆ ಮನೆಗಳು. ಪಕ್ಕದ ಹಳ್ಳಿ ಎದುರಿಗೇ ಕಂಡರೂ ನಡುವಿನ ಕಂದಕ ಇಳಿದು ಹತ್ತಿ ಅಲ್ಲಿಗೆ ಸೇರುವುದು ಬೇರೆಯೇ ಮಾತು.

ಸಿಲಾವೋಸ್ ಊರು ಸುಮಾರು 1,200 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ಮಡಿಕೇರಿಯಷ್ಟೇ. ಕರಾವಳಿಯ ಸ್ಯಾಂ-ಲೂಯಿಯಿಂದ ಹೊರಟರೆ 37 ಕಿಲೋಮೀಟರ್ ರಸ್ತೆ, ನಾನೂರಕ್ಕೂ ಹೆಚ್ಚು ತಿರುವು. ಶಿರಾಡಿ, ಚಾರ್ಮಾಡಿಯಲ್ಲಿ ಹೊಟ್ಟೆ ತೊಳಸಿಕೊಂಡವರಿಗೆ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಕೆಲವೆಡೆ ಸುರಂಗ ಒಂದೇ ವಾಹನದಷ್ಟು ಅಗಲ. ಎದುರಿನಿಂದ ಬಸ್ಸು ಬಂದರೆ ಇತ್ತಲಿನ ಕಾರು ಹಿಂದಕ್ಕೆ ಹೋಗಬೇಕು. ಈ ರಸ್ತೆ ಸಿದ್ಧವಾದದ್ದು 1932ರಲ್ಲಿ. ಅದಕ್ಕೆ ಮೊದಲು ಮೇಲಕ್ಕೆ ಹೋಗುವುದೆಂದರೆ ನಡಿಗೆಯಲ್ಲೇ, ಇಲ್ಲವೇ ದುಡ್ಡಿದ್ದರೆ ಕುರ್ಚಿಯಲ್ಲಿ ಕುಳಿತು ಹೊರುವವರ ಹೆಗಲ ಮೇಲೆ. ಹಾಗೆ ಹೊತ್ತು ತರಿಸಿಕೊಂಡವರಲ್ಲಿ ಹೆಚ್ಚಿನವರು ರೋಗಿಗಳು. 19ನೇ ಶತಮಾನದ ಮೊದಲ ಭಾಗದಲ್ಲಿ ಕಾಡುಮೇಕೆ ಬೇಟೆಗಾರ ಪೋಲಾಂ ತೆಶೇರನ ಕಣ್ಣಿಗೆ ಬಿದ್ದ ಬಿಸಿನೀರಿನ ಬುಗ್ಗೆಗಳು ಆಮೇಲೆ ಕರಾವಳಿಯ ಶ್ರೀಮಂತರಿಗೆ ಚಿಕಿತ್ಸೆಯ ತಾಣವಾದವು. ತಮ್ಮ ಜಡ್ಡು ಇಳಿಸಿಕೊಳ್ಳಲು ಇನ್ನೊಬ್ಬರ ಬೆನ್ನು ಮುರಿಯುವ ಏರ್ಪಾಡು ಅದು. ಆ ಕಾಲಕ್ಕೆ ಯಾರಿಗೂ ವಿಚಿತ್ರವೆನಿಸಿರಲಿಕ್ಕಿಲ್ಲ.

ಈ ಊರಿನ ಆಡಳಿತವನ್ನು ತಿಳಿಯಬೇಕಾದರೆ ಫ್ರಾನ್ಸಿನ ಕಮ್ಯೂನ್ ಏನೆಂಬುದನ್ನು ಸ್ವಲ್ಪ ನೋಡಬೇಕು. ಕ್ರಾಂತಿಯ ವರ್ಷ, 1789ರ ಡಿಸೆಂಬರ್‌ನಲ್ಲಿ, ಹಳೆಯ ಚರ್ಚು ವಲಯಗಳನ್ನೂ ಊರುಗಳನ್ನೂ ಒಂದೇ ಅಚ್ಚಿಗೆ ತಂದು ಕಮ್ಯೂನ್‌ಗಳನ್ನು ಮಾಡಲಾಯಿತು. ಪ್ಯಾರಿಸ್ ಒಂದು ಕಮ್ಯೂನ್. ಐವತ್ತು ಜನರ ಬೆಟ್ಟದೂರೂ ಒಂದು ಕಮ್ಯೂನ್. ಈಗ ಅಂಥವು ಸುಮಾರು 35,000 ಇವೆ, ಅರ್ಧಕ್ಕಿಂತ ಹೆಚ್ಚಿನವುಗಳ ಜನಸಂಖ್ಯೆ ಐನೂರನ್ನೂ ಮುಟ್ಟುವುದಿಲ್ಲ. ಪ್ರತಿಯೊಂದಕ್ಕೂ ಆರು ವರ್ಷಕ್ಕೆ ಚುನಾಯಿತ ಮಂಡಳಿ, ಮಂಡಳಿ ಆರಿಸುವ ಮೇಯರ್, ಬಾಗಿಲ ಮೇಲೆ ತ್ರಿವರ್ಣ ಬಾವುಟದ ಕಚೇರಿ ಉಂಟು. ಜನನ ಮರಣ ದಾಖಲಾಗುವುದು ಅಲ್ಲಿ. ಮದುವೆಯೂ ಅಲ್ಲೇ, ಮೇಯರ್ ಮುಂದೆ. ಚರ್ಚಿನಲ್ಲಿ ಎಷ್ಟೇ ಅದ್ದೂರಿಯಾಗಿ ಆದರೂ ಕಮ್ಯೂನ್ ಕಚೇರಿಯಲ್ಲಿ ಆಗದ ಮದುವೆಗೆ ಕಾನೂನಿನ ಬೆಲೆಯಿಲ್ಲ.

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಒಂದು ಗ್ರಾಮ ಪಂಚಾಯಿತಿಗೆ ಐದರಿಂದ ಏಳು ಸಾವಿರ ಜನ ಇರಬೇಕು; ಮಲೆನಾಡು, ಕರಾವಳಿಯ ಕೆಲವು ಜಿಲ್ಲೆಗಳಲ್ಲಿ ಮನೆಗಳು ಚದುರಿರುವುದರಿಂದ ಎರಡೂವರೆ ಸಾವಿರವಾದರೂ ಸಾಕು ಎಂದು ಕಾಯ್ದೆಯೇ ರಿಯಾಯಿತಿ ಕೊಟ್ಟಿದೆ. ಸಿಲಾವೋಸ್‌ನಲ್ಲಿರುವುದು ಐದೂವರೆ ಸಾವಿರದಷ್ಟು ಜನ, 84 ಚದರ ಕಿಲೋಮೀಟರ್ ನೆಲ. ನಮ್ಮ ಅಳತೆಯಲ್ಲಿ ಒಂದು ಸಾಧಾರಣ ಪಂಚಾಯಿತಿ. ಇಷ್ಟಾದರೂ 1965ರವರೆಗೆ ಅದಕ್ಕೆ ಸ್ವಂತ ಕಮ್ಯೂನ್ ಇರಲಿಲ್ಲ. ನಾನೂರು ತಿರುವು ಕೆಳಗಿನ ಸ್ಯಾಂ-ಲೂಯಿಗೆ ಸೇರಿದ ಒಂದು ಭಾಗವಾಗಿಯೇ ಅದು ಉಳಿದಿತ್ತು. ಇಡೀ ದ್ವೀಪದ ಒಂಬತ್ತು ಲಕ್ಷದಷ್ಟು ಜನರಿಗೆ ಇರುವುದು 24 ಕಮ್ಯೂನ್ ಮಾತ್ರ. ಫ್ರಾನ್ಸಿನ ಮುಖ್ಯಭೂಮಿಯ ಐವತ್ತು ಮನೆಯ ಹಳ್ಳಿಗೆ ಸಲ್ಲುವ ಮೇಯರ್ ಗೌರವ ವಸಾಹತಿನ ಹಳ್ಳಿಗೆ ಸುಲಭವಾಗಿ ಸಲ್ಲಲಿಲ್ಲ ಎಂಬುದು ಈ ಲೆಕ್ಕದಲ್ಲೇ ಇದೆ.

ಭಾರತಕ್ಕೂ ಈ ವ್ಯವಸ್ಥೆ ಹೊಸದಲ್ಲ. 1880ರಲ್ಲಿ ಫ್ರೆಂಚ್ ಭಾರತದ ತುಂಡು ನೆಲಗಳಿಗೆಲ್ಲ ಕಮ್ಯೂನ್ ಆಡಳಿತ ಬಂತು. ಕೋಲ್ಕತ್ತದಿಂದ ಹೂಗ್ಲಿ ನದಿಯಲ್ಲಿ ಮೂವತ್ತೈದು ಕಿಲೋಮೀಟರ್ ಮೇಲಿರುವ ಚಂದ್ರನಗರಕ್ಕೂ ಮೇಯರ್ ಇದ್ದ. 1908ರ ಏಪ್ರಿಲ್‌ನಲ್ಲಿ ಬಂಗಾಳದ ಕ್ರಾಂತಿಕಾರಿಗಳು ಬಾಂಬೆಸೆದದ್ದು ಆ ಮೇಯರ್ ತಾರ್ದಿವೆಲ್‌ನ ಮೇಲೆ; ಆತ ಬದುಕುಳಿದ. 1949ರ ಜೂನ್‌ನಲ್ಲಿ ಚಂದ್ರನಗರದ ಜನ ಮತ ಹಾಕಿ ಭಾರತವನ್ನು ಆರಿಸಿಕೊಂಡರು, ಮರುವರ್ಷ ಮೇ 2ಕ್ಕೆ ಆಡಳಿತ ಭಾರತದ ಕೈಗೆ ಬಂತು.

ಅದೇ ಹೂಗ್ಲಿಯಲ್ಲಿ ಕೆಳಕ್ಕೆ ಬಂದರೆ ಖಿದಿರ್‌ಪುರ. ಈಗ ಅಲ್ಲಿ ಲಾರಿಗಳ ಸಾಲು, ಮೇಲೆತ್ತಿ ಇಳಿಸುವ ಸೇತುವೆ, 1892ರಲ್ಲಿ ತೆರೆದ ಡಾಕ್, ಗೋದಾಮುಗಳು. ಬಂಗಾಳಿ ಸಾಹಿತ್ಯ ಬಲ್ಲವರಿಗೆ ಇದು ಮೈಕೇಲ್ ಮಧುಸೂದನ ದತ್ತರು ಬೆಳೆದ ಪ್ರದೇಶ. ಅವರು ಮುಂದೆ ಫ್ರಾನ್ಸಿನ ವರ್ಸಾಯಿಯಲ್ಲಿ ಸಾಲಕ್ಕೆ ಸಿಕ್ಕಿ ಒದ್ದಾಡುತ್ತಿದ್ದಾಗ ಹಣ ಕಳಿಸಿ ಕಾಪಾಡಿದವರು ಈಶ್ವರಚಂದ್ರ ವಿದ್ಯಾಸಾಗರರು. ಅದು 1860ರ ದಶಕ. ಅದೇ ದಶಕದಲ್ಲಿ, ಯಾರೂ ಹಣ ಕಳಿಸಿ ಕಾಪಾಡುವವರಿಲ್ಲದ ಸಾವಿರಾರು ಜನ ಇದೇ ನದಿಯ ದಂಡೆಯಿಂದ ಫ್ರೆಂಚರ ನೆಲಕ್ಕೆ ಹೊರಟಿದ್ದರು.

ಕಾರಣ ಸಕ್ಕರೆ. ಅದು ರಿಯೂನಿಯನ್‌ಗೆ ಹೇಗೆ ಬಂತೆಂಬುದಕ್ಕೆ ಹಿಂದಿನ ಕತೆ ಇದೆ. ಬಾಬಾಬುಡನ್ ಯೆಮನ್ನಿನ ಮೋಖಾದಿಂದ ಬೀಜ ತಂದು ಗಿರಿಯಲ್ಲಿ ಊರಿದರೆಂದು ಚಿಕ್ಕಮಗಳೂರಿನವರು ಹೇಳುವಂತೆಯೇ, 1715ರಲ್ಲಿ ಫ್ರೆಂಚರು ಅದೇ ಮೋಖಾದ ಕಾಫಿಯನ್ನು ಈ ದ್ವೀಪಕ್ಕೆ ತಂದಿದ್ದರು. ಆಗ ಇದರ ಹೆಸರು ಬೂರ್ಬೋಂ. ಜಗತ್ತಿನ ತೋಟಗಳಲ್ಲಿ ಇಂದಿಗೂ ಇರುವ ಬೂರ್ಬನ್ ತಳಿಯ ಕಾಫಿ ಇಲ್ಲಿಯದು. ಕಾಫಿ ತೋಟಕ್ಕೆ ಆಫ್ರಿಕಾ, ಮಡಗಾಸ್ಕರಿನಿಂದ ಗುಲಾಮರು ಬಂದರು. 1806, 1807ರ ಚಂಡಮಾರುತಗಳು ಕಾಫಿಯನ್ನು ಬುಡಸಮೇತ ಎತ್ತಿಹಾಕಿದ ಮೇಲೆ ಮಾಲೀಕರು ಗಾಳಿಗೆ ಬಾಗಿ ಮತ್ತೆ ಏಳುವ ಕಬ್ಬಿಗೆ ತಿರುಗಿದರು.

ಕಬ್ಬು ಕರಾವಳಿಯ ನೆಲವನ್ನೆಲ್ಲ ನುಂಗುತ್ತ ಹೋಯಿತು. ಬೆಟ್ಟದಲ್ಲಿ ಅಷ್ಟರೊಳಗೇ ಜನ ಇದ್ದರು. ತೋಟದಿಂದ ಓಡಿಹೋದ ಗುಲಾಮರು ಅವರು. ಕೊಳ್ಳಗಳು ಅವರಿಗೆ ಕೋಟೆ. ಅಲ್ಲಿನ ಶಿಖರ, ಹಳ್ಳಗಳ ಹೆಸರುಗಳಲ್ಲಿ ಆ ಪಲಾಯಿತರ ನಾಯಕರೇ ಉಳಿದಿದ್ದಾರೆ: ಮಾಫಾತ್, ಸಿಮಾಂದೆಫ್, ಆಂಶೆಂಗ್, ದಿಮಿತಿಲ್. ಅವರನ್ನು ಹಿಡಿಯಲು ಬೇಟೆ ತಂಡಗಳಿದ್ದವು. 18ನೇ ಶತಮಾನದ ನಡುವಿನಲ್ಲಿ ಫ್ರಾನ್ಸ್ವಾ ಮುಸ್ಸಾರ್ ಎಂಬಾತ ಇದರಲ್ಲಿ ಹೆಸರು ಮಾಡಿದ. ಕೊಂದದ್ದಕ್ಕೆ ಸಾಕ್ಷಿಯಾಗಿ ಕೈ ಕತ್ತರಿಸಿ ತಂದರೆ ಇನಾಮು.

ಆಮೇಲೆ ಬೆಟ್ಟ ಹತ್ತಿದವರು ಬಿಳಿಯರು. ಹಿಸ್ಸೆಯಾಗಿ ಹಿಸ್ಸೆಯಾಗಿ ಕೊನೆಗೆ ಅಂಗೈಯಗಲ ಉಳಿದ ಜಮೀನನ್ನು ದೊಡ್ಡ ಕಬ್ಬಿನ ಮಾಲೀಕರಿಗೆ ಮಾರಿದ ಬಡ ಬಿಳಿಯರು 1830ರ ಆಚೀಚೆ ಸಿಲಾವೋಸ್, ಸಲಾಜಿಗಳತ್ತ ನಡೆದರು. ಓಡಿಹೋದ ಗುಲಾಮ ಮತ್ತು ನೆಲ ಕಳೆದುಕೊಂಡ ಬಿಳಿಯ, ಇಬ್ಬರನ್ನೂ ಮೇಲಕ್ಕಟ್ಟಿದ್ದು ಕೆಳಗಿನ ತೋಟಗಳೇ. 1848ರ ಡಿಸೆಂಬರ್ 20ರಂದು ಗುಲಾಮಗಿರಿ ರದ್ದಾಯಿತು. ಅರವತ್ತು ಸಾವಿರಕ್ಕೂ ಹೆಚ್ಚು ಜನ ಬಿಡುಗಡೆಯಾದರು, ಅವರಲ್ಲಿ ಬಹಳಷ್ಟು ಮಂದಿ ಹಳೆಯ ಧಣಿಯ ಗದ್ದೆಗೆ ಮತ್ತೆ ಕಾಲಿಡಲೊಲ್ಲರು. ಬೆಟ್ಟಕ್ಕೆ ಮತ್ತಷ್ಟು ಜನ ಬಂದರು. ಕೆಳಗೆ ಕಬ್ಬು ಕಡಿಯಲು ಕೈಗಳಿಲ್ಲ.

ಆ ಕೈಗಳನ್ನು ಭಾರತದಲ್ಲಿ ಹುಡುಕಲಾಯಿತು. ಪಾಂಡಿಚೇರಿ, ಕಾರೈಕಾಲ್, ಯಾನಂಗಳಂಥ ಫ್ರೆಂಚ್ ಬಂದರುಗಳಿಂದ ಮೊದಲೇ ಕೂಲಿಯಾಳುಗಳನ್ನು ಸಾಗಿಸುತ್ತಿದ್ದರು. ಅವರು ಸಾಲದೆ ಬಂದಾಗ ಫ್ರಾನ್ಸ್ ಬ್ರಿಟನ್ನಿನ ಜೊತೆ 1860ರಲ್ಲಿ ರಿಯೂನಿಯನ್‌ಗಾಗಿಯೇ ಒಂದು ಒಪ್ಪಂದ, ಮರುವರ್ಷ ಉಳಿದ ವಸಾಹತುಗಳಿಗೂ ಸೇರಿ ಇನ್ನೊಂದು ಒಪ್ಪಂದ ಮಾಡಿಕೊಂಡಿತು. ಬ್ರಿಟಿಷ್ ಭಾರತದ ಬಾಗಿಲು, ಕಲ್ಕತ್ತೆಯ ಬಂದರೂ ಸೇರಿ, ತೆರೆಯಿತು. ಅರ್ಕಾಟಿಗಳೆಂಬ ದಲ್ಲಾಳಿಗಳು ಬಿಹಾರ, ಛೋಟಾನಾಗಪುರ, ಪೂರ್ವದ ಹಿಂದಿ ಸೀಮೆಗಳಿಂದ ಜನರನ್ನು ಪುಸಲಾಯಿಸಿ ಕಲ್ಕತ್ತೆಗೆ ಕರೆತರುತ್ತಿದ್ದರು. ಐದು ವರ್ಷದ ಕರಾರು, ವೈದ್ಯರ ತಪಾಸಣೆ, ಹಡಗು. ಖಿದಿರ್‌ಪುರದಿಂದ ಗಾರ್ಡನ್ ರೀಚ್‌ವರೆಗಿನ ದಂಡೆಯಲ್ಲಿ ಒಂದೊಂದು ವಸಾಹತಿಗೆ ಒಂದೊಂದು ಡಿಪೋ. ಸುರಿನಾಮಿಗೆ ಹೊರಟವರ ನೆನಪಿಗೆ ಇಂದಿಗೂ ಅಲ್ಲಿ ಸುರಿನಾಮ್ ಘಾಟ್ ಇದೆ. 2015ರ ಅಕ್ಟೋಬರ್‌ನಲ್ಲಿ ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅಲ್ಲಿ ಗಂಟು ಹಿಡಿದು ನಿಂತ ಗಂಡ ಹೆಂಡಿರ ‘ಮಾಯಿ-ಬಾಪ್’ ಪ್ರತಿಮೆಯನ್ನು ಅನಾವರಣ ಮಾಡಿದರು.

ರಿಯೂನಿಯನ್‌ಗೆ 19ನೇ ಶತಮಾನದಲ್ಲಿ ಹೋದ ಭಾರತೀಯರು ಒಂದು ಲಕ್ಷಕ್ಕೂ ಹೆಚ್ಚು. ಕಲ್ಕತ್ತೆಯಿಂದ ಹೋದವರು ಅವರಲ್ಲಿ ಒಂದು ಪಾಲು. ಬಹುಪಾಲು ಮದ್ರಾಸ್ ಪ್ರಾಂತದ ತಮಿಳರು, ತೆಲುಗರು. ಅವರನ್ನು ನಡೆಸಿಕೊಂಡ ರೀತಿ ಎಷ್ಟು ಕೆಟ್ಟದ್ದಾಗಿತ್ತೆಂದರೆ 1877ರಲ್ಲಿ ಎರಡೂ ದೇಶಗಳ ಜಂಟಿ ಆಯೋಗವೇ ಬಂದು ವಿಚಾರಣೆ ನಡೆಸಿತು. ಬ್ರಿಟನ್ ಪರವಾಗಿ ಗೋಲ್ಡ್‌ಸ್ಮಿಡ್, ಫ್ರಾನ್ಸ್ ಪರವಾಗಿ ಮಿಯೋ ಇದ್ದರು. ಕಬ್ಬಿನ ಗದ್ದೆಯಲ್ಲಿ ತಾವೇ ಕೂಲಿಕಾರರನ್ನು ಹಿಂಡುತ್ತಿದ್ದ ಬ್ರಿಟಿಷರಿಗೂ ಇದು ಅತಿಯೆನಿಸಿತು. 1882ರಲ್ಲಿ ವಲಸೆ ನಿಂತಿತು. ಹೋದವರಲ್ಲಿ ಅನೇಕರು ಮರಳಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳನ್ನು ದ್ವೀಪದಲ್ಲಿ ಮಲ್ಬಾರ್ ಎನ್ನುತ್ತಾರೆ. ಕಾವಡಿ, ಕೆಂಡ ಹಾಯುವ ಹಬ್ಬ, ದೀಪಾವಳಿ ಎಲ್ಲವೂ ಅಲ್ಲಿ ನಡೆಯುತ್ತವೆ. ಸಲಾಜಿ ಕೊಳ್ಳದ ಬುಡದಲ್ಲಿರುವ ಸ್ಯಾಂ-ಆಂದ್ರೆ ಕಮ್ಯೂನ್‌ಗೆ ಭಾರತೀಯ ಮೂಲದ ಜಾಂ-ಪೋಲ್ ವಿರಾಪುಲ್ಲೆ 1972ರಿಂದ 2008ರವರೆಗೆ ಮೇಯರ್ ಆಗಿದ್ದರು. ಕರಾರುಕೂಲಿಗಳ ವಂಶದವರು ಕಬ್ಬಿನ ಕರಾವಳಿಯಲ್ಲಿ ಬೇರುಬಿಟ್ಟರು. ಕಬ್ಬು ತಳ್ಳಿದವರು ಮೇಲೆ, ಕಬ್ಬು ಎಳೆತಂದವರು ಕೆಳಗೆ.

ಮೇಲೆ ಹತ್ತಿದವರ ಬದುಕು ತೀರ ಕಷ್ಟದ್ದಾಗಿತ್ತು. ಚಳಿ, ಕಲ್ಲುನೆಲ, ಮಾರುಕಟ್ಟೆಗೆ ದಿನದ ನಡಿಗೆ. ಹೆಗಲ ಮೇಲೆ ಒಯ್ಯುವಷ್ಟು ಹಗುರವಾದದ್ದು, ಒಯ್ದರೆ ಬೆಲೆ ಬರುವಂಥದ್ದು ಮಾತ್ರ ಇಲ್ಲಿ ನಿಂತಿತು. ಮಸೂರ ಅಂಥದ್ದು. ಇಲೆ-ಆ-ಕೋರ್ದ್ ಎಂಬ ಹಳ್ಳಿಯ ಸುತ್ತ ಚಳಿಗಾಲದಲ್ಲಿ ಬೆಳೆಯುವ ಸಣ್ಣ ಕಾಳಿನ ಸಿಲಾವೋಸ್ ಮಸೂರಕ್ಕೆ ದ್ವೀಪದಲ್ಲಿ ಚಿನ್ನದ ಬೆಲೆ. ಅನ್ನದ ಪಕ್ಕಕ್ಕೆ ಬೇಯಿಸಿದ ಕಾಳು, ಖಾರದ ಚಟ್ನಿಯಂಥ ರೂಗಾಯ್, ಮಾಂಸದ ‘ಕರಿ’ ಇಟ್ಟರೆ ಅಲ್ಲಿಯವರಿಗೆ ಊಟ ಪೂರ್ತಿ. ಬೆಂಗಳೂರಿನ ಗೃಹಿಣಿಗೆ ಆ ತಟ್ಟೆ ಅಷ್ಟೇನೂ ಪರಕೀಯವೆನಿಸದು. ಸಲಾಜಿಯ ಚಪ್ಪರಗಳಲ್ಲಂತೂ ನಮ್ಮ ಸೀಮೆಬದನೆಯೇ ಜೋತಾಡುತ್ತದೆ. ಕಾಯಿ ಪಲ್ಯಕ್ಕೆ, ಎಳೆಕುಡಿ ಸಾರಿಗೆ, ಒಣಗಿಸಿದ ಬಳ್ಳಿ ಟೋಪಿ ಹೆಣೆಯಲಿಕ್ಕೆ.

ಹೆಗಲ ಹೊರೆಗೆ ಹೊಂದುವ ಇನ್ನೊಂದು ಸರಕು ಕಸೂತಿ. ಬಿಸಿನೀರಿನ ಬುಗ್ಗೆಯ ವೈದ್ಯ ಮಾಕೋಲಿಫ್‌ನ ಮಗಳು ಆಂಜೆಲ್ 1900ರ ಸುಮಾರಿಗೆ ಊರ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಬಟ್ಟೆಯ ಎಳೆ ತೆಗೆದು ಜಾಲರಿಯಂತೆ ಕಟ್ಟುವ ಕೆಲಸ ಕಲಿಸಿದಳು. ಅವಳು 1908ರಲ್ಲೇ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. ಇಂದು ಊರಿನಲ್ಲಿ ಕಸೂತಿಗೇ ಒಂದು ಮನೆ ಇದೆ.

ದ್ರಾಕ್ಷಾರಸದ ಸಂಗತಿಯಲ್ಲಿ ಕಾನೂನೂ ಇದೆ, ಸ್ವಲ್ಪ ತಮಾಷೆಯೂ ಇದೆ. ಇಸಾಬೆಲ್ ಎಂಬ ಗಟ್ಟಿಮುಟ್ಟು ದ್ರಾಕ್ಷಿಯ ಬಳ್ಳಿ ಸಿಲಾವೋಸ್‌ನ ಹಿತ್ತಿಲುಗಳಲ್ಲಿ ತಾನಾಗಿಯೇ ಹಬ್ಬುತ್ತಿತ್ತು, ಜನ ಅದರಿಂದ ಸಿಹಿ ಮದ್ಯ ಮಾಡುತ್ತಿದ್ದರು. 1934ರ ಕೊನೆಯಲ್ಲಿ ಫ್ರಾನ್ಸ್ ಈ ತಳಿಯ ಮದ್ಯ ಮಾರುವುದನ್ನೇ ನಿಷೇಧಿಸಿತು. ಮುಖ್ಯಭೂಮಿಯಲ್ಲಿ ದ್ರಾಕ್ಷಿ ಅತಿಯಾಗಿ ಬೆಳೆದು ಬೆಲೆ ಬಿದ್ದಿತ್ತು. ಅಲ್ಲಿಯ ರೋಗಕ್ಕೆ ಕೊಟ್ಟ ಮದ್ದು ಒಂಬತ್ತು ಸಾವಿರ ಕಿಲೋಮೀಟರ್ ಆಚೆಯ ಹಿತ್ತಿಲಿಗೂ ಬಂತು. ಬೆಟ್ಟದವರು ದಶಕಗಟ್ಟಲೆ ಕೇಳಿಸದಂತಿದ್ದರು. 1990ರ ದಶಕದಲ್ಲಿ ಬೆಳೆಗಾರರು ಸಹಕಾರ ಸಂಘ ಕಟ್ಟಿ, ಒಪ್ಪಿತ ತಳಿಗಳನ್ನು ನೆಟ್ಟು, ಕಾನೂನಿನ ಪ್ರಕಾರವೇ ಸೀಸೆ ತುಂಬತೊಡಗಿದರು. ದಕ್ಷಿಣಾರ್ಧಗೋಳವಾದ್ದರಿಂದ ಕೊಯ್ಲು ಬರುವುದು ಜನವರಿ ಹೊತ್ತಿಗೆ, ಸರಿಯಾಗಿ ಚಂಡಮಾರುತದ ತಿಂಗಳಲ್ಲಿ.

ಚಂಡಮಾರುತವೆಂದರೆ ಇಲ್ಲಿ ಗಾಳಿಗಿಂತ ಮಳೆಯ ಭಯ. 1966ರ ಜನವರಿ 7 ಮತ್ತು 8ರ ನಡುವೆ ದ್ವೀಪದ ಫೋಕ್-ಫೋಕ್‌ನಲ್ಲಿ 24 ಗಂಟೆಗೆ 1,825 ಮಿಲಿಮೀಟರ್ ಸುರಿಯಿತು. 2007ರ ಫೆಬ್ರುವರಿಯಲ್ಲಿ ಗಾಮೇಡ್ ಚಂಡಮಾರುತ ಕೊಮ್ಮೆರ್ಸೋಂ ಎಂಬಲ್ಲಿ 72 ಗಂಟೆಗೆ 3,929 ಮಿಲಿಮೀಟರ್ ಸುರಿಸಿತು. ಎರಡೂ ವಿಶ್ವ ದಾಖಲೆ. ನಮ್ಮ ಆಗುಂಬೆಗೆ ಇಡೀ ವರ್ಷಕ್ಕೆ ಬೀಳುವುದು ಏಳೂವರೆ ಸಾವಿರದ ಆಸುಪಾಸು. ಅದರ ಅರ್ಧ ಇಲ್ಲಿ ಮೂರು ದಿನಕ್ಕೆ. ಕಡಲ ತೇವದ ಗಾಳಿ ಮೂರು ಸಾವಿರ ಮೀಟರಿನ ಗೋಡೆಗೆ ಒಮ್ಮೆಗೇ ಬಡಿದು ಮೇಲೇರಿ ತಣಿಯುವುದೇ ಕಾರಣ, ಪಶ್ಚಿಮ ಘಟ್ಟದಲ್ಲಿ ಆಗುವುದೂ ಅದೇ. 1948ರ ಚಂಡಮಾರುತದಲ್ಲಿ ಸಿಲಾವೋಸ್‌ನ ಬಿಸಿನೀರಿನ ಬುಗ್ಗೆಗಳೇ ಮಣ್ಣಿನಡಿ ಹೂತುಹೋದವು. ಗುಡ್ಡ ಜರಿದು ಆ ಒಂದೇ ರಸ್ತೆ ಮುಚ್ಚಿದರೆ ಊರು ದ್ವೀಪದೊಳಗಿನ ದ್ವೀಪ.

ಪಕ್ಕದ ಮಾಫಾತ್‌ಗೆ ಆ ಒಂದು ರಸ್ತೆಯೂ ಇಲ್ಲ. ಕೆಲವು ನೂರು ಜನ ಅಲ್ಲಿ ಕಾಲುದಾರಿಯನ್ನೇ ನಂಬಿ ಬದುಕುತ್ತಾರೆ. ಅಕ್ಕಿ, ಸಿಮೆಂಟು, ಗ್ಯಾಸ್ ಸಿಲಿಂಡರ್ ಬರುವುದು ಹೆಲಿಕಾಪ್ಟರಿನಲ್ಲಿ. ನೆಲ ಸರಕಾರದ್ದು, ಅರಣ್ಯ ಇಲಾಖೆಯ ಕೈಯಲ್ಲಿದೆ. ಅಲ್ಲಿರುವವರು ಒಕ್ಕಲು ಮಾತ್ರ. 2010ರಲ್ಲಿ ಯುನೆಸ್ಕೋ ಈ ಶಿಖರ, ಕೊಳ್ಳಗಳನ್ನೆಲ್ಲ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಚಾರಣಿಗರು ಇನ್ನೂ ಹೆಚ್ಚಿದ್ದಾರೆ. ಚಿತ್ರ ತೆಗೆಯುವವರಿಗೆ ಇದು ಸ್ವರ್ಗ. ಅಲ್ಲೇ ಹೆರಿಗೆ ನೋವು ಬಂದವಳಿಗೆ ಏನೆಂಬುದು ಬೇರೆ ಪ್ರಶ್ನೆ.

ಜನರನ್ನು ಬೇಕಾದಲ್ಲಿಗೆ ಸಾಗಿಸುವ ಚಾಳಿ ಸಕ್ಕರೆಯ ಕಾಲಕ್ಕೇ ಮುಗಿಯಲಿಲ್ಲ. ಫ್ರಾನ್ಸಿನ ಮುಖ್ಯಭೂಮಿಯ ನಡುವೆ, ಮಾಸಿಫ್ ಸೆಂಟ್ರಲ್ ಬೆಟ್ಟಸೀಮೆಯ ಅಂಚಿನಲ್ಲಿ, ಕ್ರೂಸ್ ಎಂಬ ಜಿಲ್ಲೆ ಇದೆ. 250ಕ್ಕೂ ಹೆಚ್ಚು ಪುಟ್ಟ ಕಮ್ಯೂನ್‌ಗಳು. 19ನೇ ಶತಮಾನದ ನಡುವಿನಲ್ಲಿ ಎರಡೂಮುಕ್ಕಾಲು ಲಕ್ಷ ಮೀರಿದ್ದ ಜನ ಈಗ ಒಂದೂಕಾಲು ಲಕ್ಷವೂ ಇಲ್ಲ. ಅಲ್ಲಿಯ ಗಂಡಸರು ಗಾರೆ ಕೆಲಸಕ್ಕೆ ಪ್ಯಾರಿಸ್‌ಗೆ ಹೋಗಿ ಹೋಗಿ ಕೊನೆಗೆ ಹಳ್ಳಿಗಳು ಬರಿದಾದವು. ಅತ್ತ ರಿಯೂನಿಯನ್‌ನಲ್ಲಿ ಬಡತನ, ಮನೆ ತುಂಬ ಮಕ್ಕಳು. ಹಿಂದೆ ಪ್ರಧಾನಿಯಾಗಿದ್ದ ಮಿಷೆಲ್ ದೆಬ್ರೆ 1963ರಲ್ಲಿ ಈ ದ್ವೀಪದಿಂದ ಸಂಸತ್ತಿಗೆ ಆರಿಸಿಬಂದಿದ್ದರು. ಅವರ ಕಾಲದಲ್ಲಿ ಒಂದು ಕಾರ್ಯಕ್ರಮ ಬೆಳೆಯಿತು: ಸರಕಾರದ ಸುಪರ್ದಿಗೆ ಬಂದ ಮಕ್ಕಳನ್ನು ವಿಮಾನ ಹತ್ತಿಸಿ ಕ್ರೂಸ್ ಮತ್ತಿತರ ಬರಿದಾದ ಜಿಲ್ಲೆಗಳಿಗೆ ಕಳಿಸುವುದು. ಓದಿಸುತ್ತೇವೆ, ರಜೆಗೆ ಮನೆಗೆ ಕಳಿಸುತ್ತೇವೆ ಎಂಬ ಮಾತು ನಂಬಿ ಅಕ್ಷರ ಬಾರದ ಎಷ್ಟೋ ತಂದೆ ತಾಯಿ ಕಾಗದಕ್ಕೆ ಹೆಬ್ಬೆಟ್ಟೊತ್ತಿದರು. ಕೆಲವರಿಗೆ ಒಳ್ಳೆಯ ಮನೆ ಸಿಕ್ಕಿತು. ಹಲವರು ಹೊಲಮನೆಗಳಲ್ಲಿ ಸಂಬಳವಿಲ್ಲದ ಜೀತದಾಳುಗಳಾದರು. ತಜ್ಞರ ಸಮಿತಿ 2018ರಲ್ಲಿ ಕೊಟ್ಟ ವರದಿಯ ಪ್ರಕಾರ 1962ರಿಂದ 1984ರವರೆಗೆ ಹೀಗೆ ಹೋದ ಮಕ್ಕಳು 2,015.

2014ರ ಫೆಬ್ರುವರಿ 18ರಂದು ಫ್ರಾನ್ಸಿನ ಸಂಸತ್ತಿನ ಕೆಳಮನೆ ಒಂದು ನಿರ್ಣಯ ಮಾಡಿ ಇದರಲ್ಲಿ ಸರಕಾರಕ್ಕೆ ನೈತಿಕ ಹೊಣೆಯಿದೆ ಎಂದು ಒಪ್ಪಿಕೊಂಡಿತು. 2017ರಲ್ಲಿ ಒಂದು ನೆರವೂ ಘೋಷಣೆಯಾಯಿತು. ಆಗ ಐವತ್ತು, ಅರವತ್ತು ದಾಟಿದ್ದ ಆ ‘ಮಕ್ಕಳು’ ಹುಟ್ಟೂರು ನೋಡಿಬರಲು ಮೂರು ವರ್ಷಕ್ಕೊಮ್ಮೆ ವಿಮಾನದ ಟಿಕೆಟ್ಟಿನ ಬಹುಪಾಲು ಹಣ, ಜೊತೆಗೆ ಹೋಟೆಲಿನಲ್ಲಿ ಮೂರು ರಾತ್ರಿಯ ವಸತಿ.